ಲಿಂಕ್ಡ್‌ಇನ್, ವಾಟ್ಸಾಪ್ ಮೂಲಕ ಕೆಲಸ ಹುಡುಕುವುದು ಹೇಗೆ? ಯಾರನ್ನು ಕೇಳಬೇಕು, ಏನಂತ ಕೇಳಬೇಕು

"ಇನ್ನೂರು ಕಡೆ ಅಪ್ಲೈ ಮಾಡಿದ್ದೀನಿ, ಒಂದು ಕಾಲ್ ಕೂಡ ಬಂದಿಲ್ಲ." ಡಿಗ್ರಿಯೋ ಡಿಪ್ಲೊಮಾವೋ ಮುಗಿಸಿ ಬೆಂಗಳೂರಿನತ್ತ ಮುಖ ಮಾಡಿದವರಿಂದ ಪದೇ ಪದೇ ಬರುವ ಮಾತು ಇದು. ಅದರ ಬೆನ್ನಿಗೇ ಇನ್ನೊಂದು: "ರೆಫರ್ ಮಾಡೋಕೆ ನಮಗೆ ಅಲ್ಲಿ ಯಾರೂ ಗೊತ್ತಿಲ್ಲ."

ಒಂದು ಬಟನ್ ಒತ್ತಿದರೆ ಅರ್ಜಿ ಹೋಗುವ ಜಾಗಕ್ಕೆ ಎಲ್ಲರ ಅರ್ಜಿಯೂ ಹೋಗುತ್ತದೆ. ಫ್ರೆಷರ್ ಹುದ್ದೆಯೊಂದಕ್ಕೆ ರಾಶಿ ರೆಸ್ಯೂಮೆ ಬಿದ್ದಾಗ ಎಚ್‌ಆರ್‌ನವರು ಎಲ್ಲವನ್ನೂ ತೆರೆದು ನೋಡುವುದಿಲ್ಲ. ಒಳಗಿರುವ ಒಬ್ಬರು ನಿಮ್ಮ ಹೆಸರನ್ನು ಮುಂದಕ್ಕೆ ಕಳಿಸಿದರೆ, ಅಂದರೆ ರೆಫರ್ ಮಾಡಿದರೆ, ನಿಮ್ಮದನ್ನು ತೆರೆಯುವ ಸಾಧ್ಯತೆ ಹೆಚ್ಚುತ್ತದೆ. ಅದಕ್ಕಿಂತ ಹೆಚ್ಚೇನೂ ಇಲ್ಲ. ಟೆಸ್ಟ್, ಇಂಟರ್‌ವ್ಯೂ ಎಲ್ಲ ನೀವೇ ಪಾಸ್ ಮಾಡಬೇಕು. ಇದನ್ನು ವಶೀಲಿ ಎಂದು ತಿಳಿದು ಸಂಕೋಚಪಡುವವರು ಬಹಳ ಜನ. ಆದರೆ ರೆಫರಲ್‌ನಿಂದ ಬಂದವರು ಸೇರಿ ಕೆಲವು ತಿಂಗಳು ಉಳಿದರೆ, ರೆಫರ್ ಮಾಡಿದ ಉದ್ಯೋಗಿಗೆ ಎಷ್ಟೋ ಕಂಪನಿಗಳು ತಾವಾಗಿಯೇ ಬೋನಸ್ ಕೊಡುತ್ತವೆ. ಹಾಗಾಗಿ ಕೇಳುವುದರಲ್ಲಿ ನಾಚಿಕೆಪಡುವಂಥದ್ದು ಏನಿಲ್ಲ. ಕೇಳುವ ರೀತಿ ಮಾತ್ರ ಸರಿಯಿರಬೇಕು.

ಇಲ್ಲಿ ಹೇಳುವುದೆಲ್ಲ ಖಾಸಗಿ ಕೆಲಸಗಳಿಗೆ. ಕೆಪಿಎಸ್‌ಸಿ, ಕೆಇಎ ಮೂಲಕ ತುಂಬುವ ಸರ್ಕಾರಿ ಹುದ್ದೆಗಳಿಗೆ ಪರಿಚಯ ನಡೆಯುವುದಿಲ್ಲ. "ಒಳಗೆ ನಮ್ಮವರಿದ್ದಾರೆ" ಎನ್ನುವವರು ವಾಟ್ಸಾಪಿನಲ್ಲಿ ಸಿಕ್ಕರೆ ಬ್ಲಾಕ್ ಮಾಡಿ ಮುಂದೆ ಹೋಗಿ.

ಶುರು ಮಾಡುವ ಮುಂಚೆ ಕೈಯಲ್ಲಿರಬೇಕಾದ್ದು

ಒಂದು ಪುಟದ ರೆಸ್ಯೂಮೆ, ಪಿಡಿಎಫ್‌ನಲ್ಲಿ. ಫೈಲಿನ ಹೆಸರು "ನ್ಯೂ ರೆಸ್ಯೂಮೆ ಫೈನಲ್ 2" ಅಂತಿದ್ದರೆ ಪಡೆದವರ ಡೌನ್‌ಲೋಡ್ ಫೋಲ್ಡರಿನಲ್ಲೇ ಕಳೆದುಹೋಗುತ್ತದೆ. ನಿಮ್ಮ ಹೆಸರು, ಹುದ್ದೆ, ಅನುಭವ ಮೂರೂ ಫೈಲಿನ ಹೆಸರಿನಲ್ಲೇ ಇರಲಿ. ಎರಡು ಕಾಲಂ, ಬಣ್ಣದ ಪಟ್ಟಿ, ಕೌಶಲಕ್ಕೆ ಐದರಲ್ಲಿ ನಾಲ್ಕು ನಕ್ಷತ್ರ ಇರುವ ಸಿದ್ಧ ಡಿಸೈನ್‌ಗಳನ್ನು ಬಿಟ್ಟುಬಿಡಿ. ದೊಡ್ಡ ಕಂಪನಿಗಳಲ್ಲಿ ರೆಸ್ಯೂಮೆಯನ್ನು ಮೊದಲು ಓದುವುದು ಎಟಿಎಸ್, ಅಂದರೆ ಅರ್ಜಿಗಳನ್ನು ಜೋಡಿಸಿಡುವ ಸಾಫ್ಟ್‌ವೇರ್. ಇಂಥ ವಿನ್ಯಾಸಗಳಲ್ಲಿ ಅದು ಎಡಗಡೆಯ ಸಾಲನ್ನೂ ಬಲಗಡೆಯ ಸಾಲನ್ನೂ ಕಲಸಿಬಿಡುವುದುಂಟು. ತಂದೆಯ ಹೆಸರು, ಧರ್ಮ, ಮದುವೆಯಾಗಿದೆಯೇ ಎಂಬ ವಿವರ, ಕೊನೆಯಲ್ಲಿ ಊರು, ದಿನಾಂಕ ಹಾಕಿ ಬರೆಯುವ ಘೋಷಣೆ, ಇವು ಯಾವುವೂ ಬೇಡ. ಆ ಜಾಗದಲ್ಲಿ ಒಂದು ಪ್ರಾಜೆಕ್ಟ್ ಬರೆಯಬಹುದು.

ಜೊತೆಗೆ ನಿಮ್ಮ ಹೆಸರಿನದೇ ಇಮೇಲ್ ವಿಳಾಸ, ಸದಾ ಚಾಲ್ತಿಯಲ್ಲಿರುವ ಮೊಬೈಲ್ ನಂಬರ್, ಸಾದಾ ಗೋಡೆಯ ಮುಂದೆ ಹಗಲು ಬೆಳಕಿನಲ್ಲಿ ತೆಗೆದ ಫೋಟೊ, ಮತ್ತು ಒಂದು ಗೂಗಲ್ ಶೀಟ್.

1. ಒಂದು ಹುದ್ದೆ, ಮೂವತ್ತು ಕಂಪನಿ

"ಯಾವ ಕೆಲಸ ಆದರೂ ಪರವಾಗಿಲ್ಲ" ಎನ್ನುವವರಿಗೆ ಸಹಾಯ ಮಾಡುವುದು ಬಹಳ ಕಷ್ಟ. ಕೇಳಿಸಿಕೊಂಡವರಿಗೆ ನಿಮ್ಮನ್ನು ಯಾರ ಬಳಿ ಕಳಿಸಬೇಕೆಂದೇ ತಿಳಿಯುವುದಿಲ್ಲ. ಹುದ್ದೆಯ ಹೆಸರನ್ನು ಮೊದಲು ಗಟ್ಟಿ ಮಾಡಿಕೊಳ್ಳಿ: ಮ್ಯಾನುಯಲ್ ಟೆಸ್ಟರ್, ಟ್ಯಾಲಿ ಮತ್ತು ಜಿಎಸ್‌ಟಿ ಗೊತ್ತಿರುವ ಅಕೌಂಟ್ಸ್ ಎಕ್ಸಿಕ್ಯೂಟಿವ್, ವಿಎಂಸಿ (ಲೋಹ ಕೊರೆಯುವ ಕಂಪ್ಯೂಟರ್ ನಿಯಂತ್ರಿತ ಮಷಿನ್) ಆಪರೇಟರ್, ಹೀಗೆ. ಆಮೇಲೆ ಆ ಹುದ್ದೆಗೆ ಜನ ತೆಗೆದುಕೊಳ್ಳುವ ಮೂವತ್ತು ಕಂಪನಿಗಳನ್ನು ಶೀಟಿನಲ್ಲಿ ಬರೆಯಿರಿ. ಎಲ್ಲರೂ ಬರೆಯುವ ಐದು ದೊಡ್ಡ ಹೆಸರುಗಳ ಜೊತೆಗೆ ಐವತ್ತರಿಂದ ಇನ್ನೂರು ಜನರಿರುವ ಕಂಪನಿಗಳೂ ಇರಲಿ. ಅಲ್ಲಿ ಮ್ಯಾನೇಜರ್ ನೇರವಾಗಿ ಉತ್ತರ ಕೊಡುವ ಸಾಧ್ಯತೆ ಹೆಚ್ಚು. ಮೈಸೂರು, ಮಂಗಳೂರು, ಹುಬ್ಬಳ್ಳಿಯಲ್ಲಿ ಕಚೇರಿ ಇರುವವುಗಳನ್ನೂ ಸೇರಿಸಿ. ಅಲ್ಲಿಯ ಹುದ್ದೆಗೆ ಬೆಂಗಳೂರಿನಷ್ಟು ನೂಕುನುಗ್ಗಲು ಇರುವುದಿಲ್ಲ.

2. ಪ್ರೊಫೈಲ್ ಸರಿ ಮಾಡಿಕೊಳ್ಳಿ

ಲಿಂಕ್ಡ್‌ಇನ್‌ನಲ್ಲಿ ಹೆಸರಿನ ಕೆಳಗೆ ಕಾಣುವ ಸಾಲೇ ಹೆಡ್‌ಲೈನ್. 220 ಅಕ್ಷರ ಹಿಡಿಯುತ್ತದೆ. ನೀವು ಎಲ್ಲಿ ಕಾಮೆಂಟ್ ಮಾಡಿದರೂ, ಯಾರಿಗೆ ಕೋರಿಕೆ ಕಳಿಸಿದರೂ ಅವರಿಗೆ ಮೊದಲು ಕಾಣುವುದು ಫೋಟೊ, ಹೆಸರು, ಈ ಸಾಲು. ರಿಕ್ರೂಟರ್‌ಗಳು, ಅಂದರೆ ಕಂಪನಿಗೆ ಜನ ಹುಡುಕುವವರು, ಹುದ್ದೆ, ಕೌಶಲ, ಊರು ಇವುಗಳ ಹೆಸರು ಟೈಪ್ ಮಾಡಿ ಹುಡುಕುತ್ತಾರೆ. ಅವರು ಹುಡುಕುವ ಪದ ನಿಮ್ಮ ಪುಟದಲ್ಲಿ ಇಲ್ಲದಿದ್ದರೆ ನೀವು ಅವರಿಗೆ ಕಾಣುವುದಿಲ್ಲ.

ಬಹಳ ಜನ ಬರೆದುಕೊಳ್ಳುವುದು ಹೀಗೆ: "ಉತ್ಸಾಹಿ ಫ್ರೆಷರ್, ಒಳ್ಳೆಯ ಅವಕಾಶದ ಹುಡುಕಾಟದಲ್ಲಿ." ಇದನ್ನು ಯಾರೂ ಟೈಪ್ ಮಾಡಿ ಹುಡುಕುವುದಿಲ್ಲ. ಬದಲಿಗೆ ಹೀಗಿರಲಿ: "ಅಕೌಂಟ್ಸ್ ಎಕ್ಸಿಕ್ಯೂಟಿವ್, ಟ್ಯಾಲಿ ಪ್ರೈಮ್, ಜಿಎಸ್‌ಟಿ ರಿಟರ್ನ್, ಟಿಡಿಎಸ್, ಎಕ್ಸೆಲ್, ಬಿಕಾಂ 2024, ಬೆಂಗಳೂರಿಗೆ ಬರಲು ಸಿದ್ಧ." ಪ್ರೊಫೈಲನ್ನು ಇಂಗ್ಲಿಷಿನಲ್ಲೇ ಇಡಿ, ಏಕೆಂದರೆ ಹುಡುಕುವವರು ಟೈಪ್ ಮಾಡುವುದು ಇಂಗ್ಲಿಷಿನಲ್ಲಿ. ಕನ್ನಡ ನಿಮಗೆ ಸಂದೇಶದಲ್ಲಿ ಉಪಯೋಗಕ್ಕೆ ಬರುತ್ತದೆ, ಅದು ಮುಂದೆ ಬರುತ್ತದೆ.

ಅಬೌಟ್ ಭಾಗದಲ್ಲಿ ಐದಾರು ಸಾಲು ಸಾಕು: ಏನು ಬರುತ್ತದೆ, ಅದನ್ನು ಬಳಸಿ ಏನು ಮಾಡಿದ್ದೀರಿ, ಎಂಥ ಹುದ್ದೆ ಬೇಕು, ಯಾವಾಗ ಸೇರಬಹುದು. ಪ್ರೊಫೈಲ್ ಲಿಂಕಿನ ಕೊನೆಯಲ್ಲಿರುವ ಅಂಕಿಗಳ ಸರಪಳಿಯನ್ನು ಸೆಟ್ಟಿಂಗ್‌ನಲ್ಲಿ ನಿಮ್ಮ ಹೆಸರಿಗೆ ಬದಲಾಯಿಸಿಕೊಳ್ಳಿ.

"ಓಪನ್ ಟು ವರ್ಕ್" ಆಯ್ಕೆಯಲ್ಲಿ ಎರಡು ಬಗೆ ಇವೆ. ಒಂದು ಎಲ್ಲರಿಗೂ ಕಾಣುವ ಹಸಿರು ಚೌಕಟ್ಟು, ಇನ್ನೊಂದು ರಿಕ್ರೂಟರ್‌ಗಳಿಗೆ ಮಾತ್ರ ಕಾಣುವಂಥದ್ದು. ಫ್ರೆಷರ್‌ಗಳಿಗೆ ಹಸಿರು ಚೌಕಟ್ಟಿನಿಂದ ನಷ್ಟವಿಲ್ಲ. ಈಗಾಗಲೇ ಎಲ್ಲಾದರೂ ಕೆಲಸದಲ್ಲಿರುವವರು ಎರಡನೆಯದನ್ನು ಆರಿಸಿ. ಆಗ ನಿಮ್ಮ ಈಗಿನ ಕಂಪನಿಯ ರಿಕ್ರೂಟರ್‌ಗಳಿಗೆ ಕಾಣದಂತೆ ಮಾಡಲು ಲಿಂಕ್ಡ್‌ಇನ್ ಪ್ರಯತ್ನಿಸುತ್ತದೆ, ಆದರೆ ಪೂರ್ತಿ ಗ್ಯಾರಂಟಿ ಕೊಡುವುದಿಲ್ಲ. ಕಂಪನಿಯ ಹೊರಗಿನ ಕನ್ಸಲ್ಟೆನ್ಸಿಯವರಿಗೆ, ಅಂದರೆ ಕಂಪನಿಗಳಿಗೆ ಜನ ಹುಡುಕಿಕೊಡುವ ಏಜೆನ್ಸಿಗಳಿಗೆ, ಹೇಗೂ ಕಾಣುತ್ತದೆ.

ನೌಕ್ರಿಯಂಥ ತಾಣಗಳಲ್ಲೂ ಖಾತೆ ಇರಲಿ, ವಾರಕ್ಕೊಮ್ಮೆ ಅದನ್ನು ತೆರೆದು ಏನಾದರೊಂದು ಸಾಲು ಅಪ್‌ಡೇಟ್ ಮಾಡಿ. ಅನುಭವಸ್ಥರು ನೋಟಿಸ್ ಪೀರಿಯಡ್ ಸರಿಯಾಗಿ ತುಂಬಬೇಕು. ರಾಜೀನಾಮೆ ಕೊಟ್ಟ ಮೇಲೆ ಹಳೆಯ ಕಂಪನಿಯಲ್ಲಿ ಇರಬೇಕಾದ ಅವಧಿ ಅದು. 90 ದಿನ ಎಂದಿದ್ದರೆ ಎಷ್ಟೋ ರಿಕ್ರೂಟರ್‌ಗಳ ಫಿಲ್ಟರ್‌ನಲ್ಲೇ ನೀವು ಬಿದ್ದುಹೋಗುತ್ತೀರಿ. ರಾಜೀನಾಮೆ ಕೊಟ್ಟಾಗಿದ್ದರೆ "ಸರ್ವಿಂಗ್ ನೋಟಿಸ್" ಎಂದು ಬದಲಿಸಿ, ಕೊನೆಯ ದಿನವನ್ನೂ ಹಾಕಿ.

3. "ಯಾರೂ ಗೊತ್ತಿಲ್ಲ" ಎನ್ನುವವರಿಗೆ

ಲಿಂಕ್ಡ್‌ಇನ್‌ನಲ್ಲಿ ನಿಮ್ಮ ಕಾಲೇಜಿನ ಪುಟ ತೆರೆಯಿರಿ. ಅಲ್ಲಿ "ಅಲುಮ್ನೈ" ಎಂಬ ಭಾಗವಿದೆ, ಆ ಕಾಲೇಜಿನಲ್ಲಿ ಓದಿದವರ ಪಟ್ಟಿ ಅದು. ಎಲ್ಲಿ ವಾಸ, ಯಾವ ಕಂಪನಿ, ಏನು ಕೆಲಸ ಎಂದು ಸೋಸಿ ನೋಡಬಹುದು. ತಾಲ್ಲೂಕು ಕೇಂದ್ರದ ಸರ್ಕಾರಿ ಪಾಲಿಟೆಕ್ನಿಕ್ ಆದರೂ ಬೆಂಗಳೂರಿನಲ್ಲಿ ಹತ್ತಾರು ಜನರನ್ನು ತೋರಿಸುತ್ತದೆ. ಕಾಲೇಜಿಗೆ ಪುಟವೇ ಇಲ್ಲದಿದ್ದರೆ ಕಾಲೇಜಿನ ಹೆಸರನ್ನೇ ಟೈಪ್ ಮಾಡಿ, ಬೇರೆ ಬೇರೆ ಕಾಗುಣಿತದಲ್ಲಿ ಹುಡುಕಿ. ವಿಟಿಯು ಕಾಲೇಜುಗಳಲ್ಲಿ ಓದಿದ ಕೆಲವರು ಕಾಲೇಜು ಬಿಟ್ಟು ವಿಶ್ವವಿದ್ಯಾಲಯದ ಹೆಸರನ್ನಷ್ಟೇ ಹಾಕಿರುತ್ತಾರೆ, ಅಲ್ಲೂ ಒಮ್ಮೆ ನೋಡಿ.

ಸಿಕ್ಕವರನ್ನೆಲ್ಲ ಕೇಳಲು ಹೋಗಬೇಡಿ. ಹೆಚ್ಚು ಉತ್ತರ ಬರುವುದು ನಿಮಗಿಂತ ಎರಡರಿಂದ ಆರು ವರ್ಷ ಸೀನಿಯರ್ ಆದವರಿಂದ. ಅವರು ಕೆಲಸ ಹುಡುಕಿದ ದಿನಗಳು ಅವರಿಗಿನ್ನೂ ನೆನಪಿರುತ್ತವೆ, ಹೊಸಬರನ್ನು ಟೀಮಿಗೆ ತೆಗೆದುಕೊಳ್ಳುವಾಗ ಅವರ ಮಾತು ನಡೆಯುತ್ತದೆ. ವೈಸ್ ಪ್ರೆಸಿಡೆಂಟ್‌ಗೆ ಬರೆದ ಸಂದೇಶ ಸಾಮಾನ್ಯವಾಗಿ ಓದದೇ ಉಳಿಯುತ್ತದೆ.

ಇವರಲ್ಲದೆ ಇನ್ನೂ ಮೂರು ಕಡೆ ನೋಡಿ. ಮೊದಲನೆಯದು ನಿಮ್ಮದೇ ಬ್ಯಾಚಿನಲ್ಲಿ ಕೆಲಸ ಸಿಕ್ಕವರು. ಎರಡನೆಯದು ಪ್ರಾಜೆಕ್ಟ್ ಗೈಡ್ ಆಗಿದ್ದ ಮೇಷ್ಟ್ರು, ಏಕೆಂದರೆ ಹಳೆಯ ವಿದ್ಯಾರ್ಥಿಗಳು ಅವರ ಜೊತೆ ಸಂಪರ್ಕದಲ್ಲಿರುತ್ತಾರೆ. ಮೂರನೆಯದು ಊರಿನ ನೆಂಟರಿಷ್ಟರು. ಮನೆಯಲ್ಲಿ "ನಮ್ಮ ಹುಡುಗನಿಗೆ ಒಂದು ಕೆಲಸ ನೋಡಿ" ಎಂದು ಹೇಳಿಸಿದರೆ ಪ್ರಯೋಜನ ಕಡಿಮೆ. "ಪದ್ಮಕ್ಕನ ಮಗ ಯಾವ ಕಂಪನಿಯಲ್ಲಿದ್ದಾನೆ, ನಂಬರ್ ಕೊಡಿ, ನಾನೇ ಮಾತಾಡ್ತೀನಿ" ಎಂದು ಕೇಳಿ ಪಡೆದುಕೊಳ್ಳಿ.

4. ಸಂದೇಶ ಬರೆಯುವುದು

ಹೆಚ್ಚಿನವರು ಎಡವುವುದು ಇಲ್ಲೇ. ಬರುವ ಸಂದೇಶಗಳ ಮಾದರಿ ನೋಡಿ: "ಹಾಯ್ ಸರ್." ಎರಡು ದಿನ ಬಿಟ್ಟು "ಸರ್, ಎನಿ ಓಪನಿಂಗ್ಸ್?" ಅದರ ಮರುದಿನ ಬರೀ ರೆಸ್ಯೂಮೆ. ಇದಕ್ಕೆ ಉತ್ತರಿಸಬೇಕೆಂದರೆ ಆ ವ್ಯಕ್ತಿ ನಿಮ್ಮ ರೆಸ್ಯೂಮೆ ಓದಿ, ನಿಮಗೇನು ಬರುತ್ತದೆಂದು ತಿಳಿದು, ತಮ್ಮ ಕಂಪನಿಯಲ್ಲಿ ಖಾಲಿ ಹುದ್ದೆ ಹುಡುಕಿ, ಹೊಂದುತ್ತದೆಯೇ ನೋಡಬೇಕು. ಅರ್ಧ ಗಂಟೆಯ ಕೆಲಸ. ಅದನ್ನು ನೀವೇ ಮಾಡಿಕೊಟ್ಟರೆ ಅವರಿಗೆ ಉಳಿಯುವುದು ಎರಡು ನಿಮಿಷದ ಕೆಲಸ.

ಮೊದಲ ಹೆಜ್ಜೆ ಕನೆಕ್ಷನ್ ಕೋರಿಕೆ. ಉಚಿತ ಖಾತೆಯಲ್ಲಿ ತಿಂಗಳಿಗೆ ಕೆಲವೇ ಕೋರಿಕೆಗಳ ಜೊತೆ ಟಿಪ್ಪಣಿ ಸೇರಿಸಬಹುದು, ಅದೂ 200 ಅಕ್ಷರದೊಳಗೆ. ಹಾಗಾಗಿ ಟಿಪ್ಪಣಿಗಳನ್ನು ನಿಜಕ್ಕೂ ಬೇಕಾದವರಿಗೆ ಮೀಸಲಿಡಿ, ಸಹಪಾಠಿಗಳಿಗೆ ಖರ್ಚು ಮಾಡಬೇಡಿ. ಕನ್ನಡದಲ್ಲಿ ಬರೆಯುವುದಾದರೆ ಒಂದು ಎಚ್ಚರ: ಕಾಗುಣಿತದ ಚಿಹ್ನೆ, ಒತ್ತಕ್ಷರ ಎಲ್ಲವೂ ಬೇರೆ ಬೇರೆಯಾಗಿ ಎಣಿಕೆಯಾಗುತ್ತವೆ. "ಕ್ಷೇತ್ರ" ನಮ್ಮ ಲೆಕ್ಕದಲ್ಲಿ ಎರಡಕ್ಷರ, ಕಂಪ್ಯೂಟರಿನ ಲೆಕ್ಕದಲ್ಲಿ ಏಳು. ಮಿತಿಯೊಳಗೆ ಸಲೀಸಾಗಿ ಹಿಡಿಯುವ ಒಂದು ಟಿಪ್ಪಣಿ:

"ನಮಸ್ಕಾರ ಮೇಡಂ. ನೀವು ಓದಿದ ಕಾಲೇಜಿನಲ್ಲೇ 2024ರಲ್ಲಿ ಬಿಇ ಮುಗಿಸಿದೆ. ಟೆಸ್ಟಿಂಗ್ ಕೆಲಸ ಹುಡುಕುತ್ತಿದ್ದೇನೆ. ನಿಮ್ಮ ಟೀಮಿನ ಬಗ್ಗೆ ಒಂದೆರಡು ಪ್ರಶ್ನೆ ಕೇಳಬಹುದೇ?"

ಇಲ್ಲಿ ರೆಫರಲ್ ಕೇಳಿಲ್ಲ. ಒಪ್ಪಿಕೊಂಡ ಮೇಲೆ ಮೊದಲ ಸಂದೇಶದಲ್ಲಿ ಗೂಗಲ್‌ನಲ್ಲಿ ಸಿಗದ ಒಂದು ಪ್ರಶ್ನೆ ಕೇಳಿ: ಫ್ರೆಷರ್‌ಗಳನ್ನು ಯಾವ ತಿಂಗಳಲ್ಲಿ ತೆಗೆದುಕೊಳ್ಳುತ್ತಾರೆ, ಮೊದಲ ಸುತ್ತಿನಲ್ಲಿ ಕೋಡಿಂಗ್ ಇರುತ್ತದೆಯೇ, ಇಂಥ ಸ್ಕಿಲ್ ಇಲ್ಲದಿದ್ದರೆ ನಡೆಯುತ್ತದೆಯೇ. ಉತ್ತರ ಬಂದ ಮೇಲೆ, ಅವರ ಕಂಪನಿಯ ಕೆರಿಯರ್ಸ್ ಪುಟದಲ್ಲಿ ಹೊಂದುವ ಹುದ್ದೆ ಕಂಡಾಗ, ಇದನ್ನು ಬರೆಯಿರಿ:

"ಮೇಡಂ, ನಿಮ್ಮಲ್ಲಿ ಅಸೋಸಿಯೇಟ್ ಕ್ಯೂಎ ಎಂಜಿನಿಯರ್ ಹುದ್ದೆ ನಿನ್ನೆ ಹಾಕಿದ್ದಾರೆ, ಜಾಬ್ ಐಡಿ ಮತ್ತು ಲಿಂಕ್ ಕೆಳಗಿದೆ. ಅವರು ಕೇಳಿರುವ ಜಾವಾ, ಸೆಲೆನಿಯಂ ಎರಡನ್ನೂ ಬಳಸಿ ಒಂದು ಪ್ರಾಜೆಕ್ಟ್ ಮಾಡಿದ್ದೇನೆ, ಕೋಡ್ ಗಿಟ್‌ಹಬ್‌ನಲ್ಲಿದೆ. ಎಪಿಐ ಟೆಸ್ಟಿಂಗ್ ಈಗ ಕಲಿಯುತ್ತಿದ್ದೇನೆ. ಇನ್ನೂ ಅಪ್ಲೈ ಮಾಡಿಲ್ಲ. ರೆಸ್ಯೂಮೆ ನೋಡಿ ಸರಿ ಅನಿಸಿದರೆ ರೆಫರ್ ಮಾಡಬಹುದೇ? ಆಗದಿದ್ದರೂ ಪರವಾಗಿಲ್ಲ, ತಿಳಿಸಿದರೆ ನೇರವಾಗಿ ಅಪ್ಲೈ ಮಾಡುತ್ತೇನೆ."

ಜಾಬ್ ಐಡಿ ಎಂದರೆ ಪ್ರತಿ ಹುದ್ದೆಗೂ ಕಂಪನಿ ಕೊಡುವ ಸಂಖ್ಯೆ. ಒಳಗಿನ ರೆಫರಲ್ ಪೋರ್ಟಲ್‌ನಲ್ಲಿ ಬಹಳಷ್ಟು ಕಡೆ ಅದಿಲ್ಲದೆ ಮುಂದೆ ಹೋಗಲಾಗುವುದಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬರೆದಿರುವುದು ಗಮನಿಸಿ, ರೆಫರ್ ಮಾಡುವವರಿಗೆ ತಮ್ಮ ಹೆಸರು ಕೆಡುವ ಭಯ ಇದ್ದೇ ಇರುತ್ತದೆ. ಕೊನೆಯ ಸಾಲು "ಇಲ್ಲ" ಎನ್ನಲು ಅವರಿಗೊಂದು ದಾರಿ ಬಿಡುತ್ತದೆ. ಹಾಗಿರುವಾಗ ಜನ ಉತ್ತರವನ್ನಾದರೂ ಕೊಡುತ್ತಾರೆ.

ಸಂಬೋಧನೆಯ ಬಗ್ಗೆ ಎರಡು ಮಾತು. ಮುಖಪರಿಚಯವಿಲ್ಲದವರಿಗೆ ಸರ್, ಮೇಡಂ. ಒಂದೇ ಡಿಪಾರ್ಟ್‌ಮೆಂಟಿನಲ್ಲಿ ನಿಮ್ಮನ್ನು ನೋಡಿದ್ದ ಸೀನಿಯರ್‌ಗೆ ಅಣ್ಣ, ಅಕ್ಕ ಸಹಜ. "ಬ್ರೋ", "ಡಿಯರ್" ಬೇಡವೇ ಬೇಡ. ಎಚ್‌ಆರ್‌ಗೆ ಇಂಗ್ಲಿಷಿನಲ್ಲಿ ಬರೆಯಿರಿ, ಹೆಸರು, ಪ್ರೊಫೈಲ್ ನೋಡಿ ಕನ್ನಡದವರೆಂದು ಖಚಿತವಾದ ಸೀನಿಯರ್‌ಗೆ ಕನ್ನಡದಲ್ಲಿ ಬರೆಯಬಹುದು. ಬೆಂಗಳೂರಿನ ಐಟಿ ಕಚೇರಿಯಲ್ಲಿ ಕೂತವರಿಗೆ ಕನ್ನಡದ ಸಂದೇಶ ಎದ್ದು ಕಾಣುತ್ತದೆ.

ಉತ್ತರ ಬರದಿದ್ದರೆ ಏಳು ದಿನ ಬಿಟ್ಟು ಒಮ್ಮೆ ನೆನಪಿಸಿ. ಆಮೇಲೂ ಬರದಿದ್ದರೆ ಬಿಟ್ಟುಬಿಡಿ. ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್ ಕಾಲ್, ನೀಲಿ ಟಿಕ್ ನೋಡಿ "ಸರ್ ನೋಡಿದ್ರಾ?" ಎನ್ನುವುದು, ಒಂದೇ ಕಂಪನಿಯ ಹತ್ತು ಜನರಿಗೆ ಒಂದೇ ಸಂದೇಶ ಕಾಪಿ ಪೇಸ್ಟ್ ಮಾಡುವುದು, ಇವೆಲ್ಲ ಬಾಗಿಲು ಮುಚ್ಚಿಸುವ ಕೆಲಸಗಳು. ಆ ಹತ್ತು ಜನ ಅಕ್ಕಪಕ್ಕದ ಡೆಸ್ಕಿನಲ್ಲೇ ಇರಬಹುದು. ದಿನಕ್ಕೆ ಮೂರು ಒಳ್ಳೆಯ ಸಂದೇಶ ಸಾಕು. ಒಂದೇ ದಿನ ನೂರಾರು ಕೋರಿಕೆ ಕಳಿಸಿದರೆ ಲಿಂಕ್ಡ್‌ಇನ್ ಖಾತೆಯ ಮೇಲೆ ತಾತ್ಕಾಲಿಕ ನಿರ್ಬಂಧ ಹಾಕುತ್ತದೆ.

5. ಮೊದಲು ರೆಫರಲ್, ಆಮೇಲೆ ಅಪ್ಲೈ

ಈ ಕ್ರಮ ತಪ್ಪಿದರೆ ಸಿಕ್ಕ ರೆಫರಲ್ ಕೂಡ ದಂಡವಾಗಬಹುದು. ನೀವಾಗಿಯೇ ಕೆರಿಯರ್ಸ್ ಪುಟದಲ್ಲಿ ಅರ್ಜಿ ಹಾಕಿದ ಮೇಲೆ ನಿಮ್ಮ ಇಮೇಲ್ ಅವರ ವ್ಯವಸ್ಥೆಯಲ್ಲಿ ದಾಖಲಾಗಿರುತ್ತದೆ. ಆಮೇಲೆ ಉದ್ಯೋಗಿಯೊಬ್ಬರು ನಿಮ್ಮ ಹೆಸರು ಹಾಕಲು ಹೋದರೆ ಅನೇಕ ಪೋರ್ಟಲ್‌ಗಳು "ಈ ಅಭ್ಯರ್ಥಿ ಈಗಾಗಲೇ ಇದ್ದಾರೆ" ಎಂದು ತಿರಸ್ಕರಿಸುತ್ತವೆ. ಕೆಲವು ಕಡೆ ಆರು ತಿಂಗಳವರೆಗೆ. ಹಾಗಾಗಿ ಮೊದಲು ಕೇಳಿ, ಮೂರ್ನಾಲ್ಕು ದಿನ ಕಾಯಿರಿ, ಉತ್ತರ ಬರದಿದ್ದರೆ ಮಾತ್ರ ನೇರವಾಗಿ ಹಾಕಿ. ಹುದ್ದೆ ಬೇಗ ಮುಚ್ಚುವಂತಿದ್ದರೆ ಕಾಯುತ್ತ ಕೂರಬೇಡಿ.

ಕನ್ಸಲ್ಟೆನ್ಸಿ ವಿಷಯದಲ್ಲೂ ಇದೇ ತೊಡಕು. ಒಂದೇ ಕಂಪನಿಗೆ ಇಬ್ಬರು ಕನ್ಸಲ್ಟೆಂಟ್‌ಗಳು ನಿಮ್ಮ ರೆಸ್ಯೂಮೆ ಕಳಿಸಿದರೆ, ಕಮಿಷನ್ ಯಾರಿಗೆಂಬ ಜಗಳ ಬೇಡವೆಂದು ಕಂಪನಿ ನಿಮ್ಮನ್ನೇ ಕೈಬಿಡಬಹುದು. "ಯಾವ ಕಂಪನಿಗೆ ಕಳಿಸುತ್ತಿದ್ದೀರಿ?" ಎಂದು ಕೇಳಿ ಶೀಟಿನಲ್ಲಿ ಬರೆದುಕೊಂಡ ಮೇಲೆಯೇ ಒಪ್ಪಿಗೆ ಕೊಡಿ.

6. ಹೊಸ ಹುದ್ದೆಗಳು ಎಲ್ಲಿ ಮೊದಲು ಕಾಣುತ್ತವೆ

ಜಾಬ್ಸ್ ವಿಭಾಗಕ್ಕಿಂತ ಮೊದಲು ಪೋಸ್ಟ್‌ಗಳಲ್ಲಿ. "ನಮ್ಮ ಟೀಮಿಗೆ ಇಬ್ಬರು ಬೇಕು" ಎಂದು ಮ್ಯಾನೇಜರ್‌ಗಳು ಬರೆಯುವುದು ಅಲ್ಲೇ. ಹುಡುಕುವ ಜಾಗದಲ್ಲಿ "ಹೈರಿಂಗ್", ಹುದ್ದೆಯ ಹೆಸರು, ಊರು ಮೂರನ್ನೂ ಹಾಕಿ, "ಪೋಸ್ಟ್ಸ್" ಆರಿಸಿ, ಕಳೆದ 24 ಗಂಟೆ ಎಂದು ಸೋಸಿ. ದಿನಕ್ಕೊಮ್ಮೆ ಬೆಳಿಗ್ಗೆ ಮಾಡಿದರೆ ಸಾಕು. ಜಾಬ್ಸ್ ವಿಭಾಗದಲ್ಲಿ "ಇನ್ ಯುವರ್ ನೆಟ್‌ವರ್ಕ್" ಫಿಲ್ಟರ್ ಒತ್ತಿದರೆ ನಿಮ್ಮ ಪರಿಚಯದವರು ಇರುವ ಕಂಪನಿಗಳ ಹುದ್ದೆ ಮಾತ್ರ ಉಳಿಯುತ್ತವೆ.

ಅಂಥ ಪೋಸ್ಟಿನ ಕೆಳಗೆ "ಇಂಟರೆಸ್ಟೆಡ್" ಎಂದು ಬರೆದವರು ಐನೂರು ಜನ ಇರುತ್ತಾರೆ. ನೀವು ಐನೂರೊಂದನೆಯವರಾಗಬೇಡಿ. ಪೋಸ್ಟಿನಲ್ಲಿ ಇಮೇಲ್ ಕೊಟ್ಟಿದ್ದರೆ ಇಮೇಲೇ ಮಾಡಿ, ವಿಷಯದ ಸಾಲಿನಲ್ಲಿ ಹುದ್ದೆ, ಅನುಭವ, ಎಷ್ಟು ದಿನದಲ್ಲಿ ಸೇರಬಹುದು ಎಂದು ಹಾಕಿ.

ಸ್ವಂತ ಪೋಸ್ಟ್ ಬರೆಯಲೇಬೇಕೆಂಬ ಕಡ್ಡಾಯವಿಲ್ಲ. ಬರೆಯುವುದಾದರೆ ಸರ್ಟಿಫಿಕೇಟಿನ ಫೋಟೊ, ಸ್ಫೂರ್ತಿಯ ಮಾತು ಬಿಟ್ಟು, ಮಾಡಿದ ಕೆಲಸದ ಬಗ್ಗೆ ಬರೆಯಿರಿ: ಜಿಎಸ್‌ಟಿಆರ್-2ಬಿ (ಜಿಎಸ್‌ಟಿ ಪೋರ್ಟಲ್ ತೋರಿಸುವ ಖರೀದಿ ವಿವರ) ಜೊತೆ ಖರೀದಿ ಲೆಕ್ಕ ತಾಳೆ ನೋಡುವಾಗ ಸಿಕ್ಕ ವ್ಯತ್ಯಾಸ, ಅದನ್ನು ಎಕ್ಸೆಲ್‌ನಲ್ಲಿ ಹೇಗೆ ಹಿಡಿದಿರಿ, ಇಂಥದ್ದು. ಆ ಕೆಲಸ ಗೊತ್ತಿರುವವರ ಕಣ್ಣಿಗೆ ಅದು ಬೀಳುತ್ತದೆ.

7. ಐಟಿಐ, ಡಿಪ್ಲೊಮಾದವರಿಗೆ

ಪೀಣ್ಯ, ಬೊಮ್ಮಸಂದ್ರದ ಸಣ್ಣ ಕಾರ್ಖಾನೆಗಳ ಮಾಲೀಕರನ್ನು ಲಿಂಕ್ಡ್‌ಇನ್‌ನಲ್ಲಿ ಹುಡುಕಿದರೆ ಸಿಗುವುದು ಕಡಿಮೆ. ಅಲ್ಲಿ ನಡೆಯುವುದು ಸೂಪರ್‌ವೈಸರ್‌ಗಳ ವಾಟ್ಸಾಪ್ ಗ್ರೂಪ್, ಸ್ಟೇಟಸ್, ಗೇಟಿನ ಬೋರ್ಡ್. ನಿಮ್ಮ ಟ್ರೇಡಿನ ಒಬ್ಬ ಹಿರಿಯ ಆಪರೇಟರ್ ಪರಿಚಯವಾದರೆ ಹತ್ತು ಗ್ರೂಪಿಗೆ ದಾರಿ ಸಿಗುತ್ತದೆ. ನಿಮ್ಮ ಸಂದೇಶದಲ್ಲಿ ಮಷಿನ್, ಅದರ ಕಂಟ್ರೋಲರ್ ಫ್ಯಾನುಕ್ ಕಂಪನಿಯದೋ ಸೀಮೆನ್ಸ್ ಕಂಪನಿಯದೋ, ಸೆಟ್ಟಿಂಗ್ ಬರುತ್ತದೆಯೋ ಬರೀ ಆಪರೇಟಿಂಗೋ, ನೈಟ್ ಶಿಫ್ಟಿಗೆ ಒಪ್ಪಿಗೆಯೇ, ಇರುವ ಜಾಗ, ಇಷ್ಟಿರಲಿ. ಮೂವತ್ತು ಸೆಕೆಂಡಿನ ವಿಡಿಯೊದಲ್ಲಿ ನೀವು ಜಾಬ್ ಸೆಟ್ ಮಾಡುವುದನ್ನು ತೋರಿಸಿದರೆ ಎರಡು ಪುಟದ ರೆಸ್ಯೂಮೆಗಿಂತ ಅದೇ ಮೇಲು. ಆದರೆ ಈಗಿನ ಕಂಪನಿಯ ಡ್ರಾಯಿಂಗ್, ಗ್ರಾಹಕರ ಪಾರ್ಟ್ ಅದರಲ್ಲಿ ಕಾಣಬಾರದು.

8. ಮೋಸ ಗುರುತಿಸುವುದು

ನಿಜವಾದ ಕನ್ಸಲ್ಟೆನ್ಸಿಗೆ ಹಣ ಕೊಡುವುದು ಕಂಪನಿ, ಸಾಮಾನ್ಯವಾಗಿ ವಾರ್ಷಿಕ ಸಂಬಳದ 8.33%, ಅಂದರೆ ನಿಮ್ಮ ಒಂದು ತಿಂಗಳ ಸಂಬಳದಷ್ಟು. ಹಾಗಾಗಿ ರಿಜಿಸ್ಟ್ರೇಷನ್, ಟ್ರೈನಿಂಗ್, ಲ್ಯಾಪ್‌ಟಾಪ್ ಡೆಪಾಸಿಟ್, ಬ್ಯಾಕ್‌ಗ್ರೌಂಡ್ ಚೆಕ್, ಯಾವ ಹೆಸರಿನಲ್ಲಿ ನಿಮ್ಮಿಂದ ದುಡ್ಡು ಕೇಳಿದರೂ ಅಲ್ಲಿಗೇ ನಿಲ್ಲಿಸಿ.

ಬೆಂಗಳೂರಿನಲ್ಲಿ "ಬ್ಯಾಕ್‌ಡೋರ್" ಎಂಬುದು ಬೇರೆಯೇ ದಂಧೆ: ಲಕ್ಷಗಟ್ಟಲೆ ದುಡ್ಡು, ಜೊತೆಗೆ ಸುಳ್ಳು ಅನುಭವ ಪತ್ರ. ಸೇರುವಾಗ ಕಂಪನಿಗಳು ಪಿಎಫ್‌ನ ಯುಎಎನ್ (ಉದ್ಯೋಗಿಗೊಂದು ಎಂಬಂತೆ ಕೊಡುವ ಪಿಎಫ್ ಸಂಖ್ಯೆ) ದಾಖಲೆಯಲ್ಲಿ ನೀವು ಹಿಂದೆ ಎಲ್ಲೆಲ್ಲಿದ್ದಿರಿ ಎಂದು ನೋಡುತ್ತವೆ. ಸುಳ್ಳು ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ, ದುಡ್ಡು ತೆಗೆದುಕೊಂಡವನು ಫೋನ್ ಎತ್ತುವುದಿಲ್ಲ.

ಆಫರ್ ಲೆಟರ್ ಬಂದರೆ ಕಳಿಸಿದ ಇಮೇಲ್ ವಿಳಾಸದಲ್ಲಿ @ ಗುರುತಿನ ನಂತರದ ಭಾಗ ಓದಿ. ಜಿಮೇಲ್ ಆಗಿದ್ದರೆ, ಅಥವಾ ಕಂಪನಿಯ ಹೆಸರಿಗೆ ಅಡ್ಡಗೆರೆ ಹಾಕಿ "ಕೆರಿಯರ್ಸ್", "ಎಚ್‌ಆರ್" ಅಂಟಿಸಿದ್ದರೆ, ಕಂಪನಿಯ ಅಧಿಕೃತ ತಾಣದಲ್ಲಿರುವ ವಿಳಾಸಕ್ಕೆ ಬರೆದು ಖಾತ್ರಿ ಮಾಡಿಕೊಳ್ಳಿ. ಲಿಂಕ್ಡ್‌ಇನ್‌ನಲ್ಲಿ ರಿಕ್ರೂಟರ್ ಪುಟದ "ಮೋರ್" ಒತ್ತಿ "ಅಬೌಟ್ ದಿಸ್ ಪ್ರೊಫೈಲ್" ನೋಡಿ. ಹತ್ತು ವರ್ಷದ ಅನುಭವ ಹೇಳಿಕೊಳ್ಳುವವರ ಖಾತೆ ಹೋದ ತಿಂಗಳು ತೆರೆದದ್ದಾದರೆ ಅನುಮಾನ ಪಡಬೇಕಾದ್ದೇ. ಇಂಟರ್‌ವ್ಯೂಗೂ ಮುಂಚೆ ಆಧಾರ್, ಪ್ಯಾನ್, ಬ್ಯಾಂಕ್ ವಿವರ ಕೊಡಬೇಡಿ.

ಟೆಲಿಗ್ರಾಂನಲ್ಲಿ ಹೋಟೆಲ್‌ಗೆ ರೇಟಿಂಗ್ ಕೊಡುವ, ವಿಡಿಯೊ ಲೈಕ್ ಮಾಡುವ "ಪಾರ್ಟ್‌ಟೈಮ್" ಕೆಲಸಗಳಲ್ಲಿ ಮೊದಲು ನೂರಿನ್ನೂರು ರೂಪಾಯಿ ನಿಜವಾಗಿಯೂ ಖಾತೆಗೆ ಬರುತ್ತದೆ. ನಂಬಿಕೆ ಹುಟ್ಟಿದ ಮೇಲೆ ಸಾವಿರಗಳನ್ನು ಕಟ್ಟಿಸಿಕೊಳ್ಳುತ್ತಾರೆ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ಹಣ ಖಾತೆಯಿಂದ ಖಾತೆಗೆ ಹಾರುವ ಮುಂಚೆ ತಡೆಹಿಡಿಯಲು ಸಿಗುವ ಸಮಯ ಕಡಿಮೆ.

ವಿದೇಶದ ಕೆಲಸವಾದರೆ ಏಜೆಂಟ್ ಹೆಸರು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪಟ್ಟಿಯಲ್ಲಿದೆಯೇ ನೋಡಿ. ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಗರಿಷ್ಠ 30,000 ರೂಪಾಯಿ ಮತ್ತು ಜಿಎಸ್‌ಟಿ. ಥಾಯ್ಲೆಂಡಿನಲ್ಲಿ ಡೇಟಾ ಎಂಟ್ರಿ ಎಂದು ಕರೆಸಿಕೊಂಡು ಮ್ಯಾನ್ಮಾರಿನ ಸೈಬರ್ ವಂಚನೆ ಕೇಂದ್ರಗಳಿಗೆ ಸಾಗಿಸಿದ ಪ್ರಕರಣಗಳ ಬಗ್ಗೆ 2022ರಲ್ಲೇ ಸರ್ಕಾರ ಎಚ್ಚರಿಕೆ ಕೊಟ್ಟಿತ್ತು. ಟೂರಿಸ್ಟ್ ವೀಸಾದಲ್ಲಿ ಬನ್ನಿ, ಅಲ್ಲಿ ಬದಲಾಯಿಸೋಣ ಎಂದರೆ ಹೋಗಬೇಡಿ.

9. ಶೀಟ್ ಮತ್ತು ಆಫರ್ ಬಂದ ಮೇಲೆ

ಶೀಟಿನಲ್ಲಿ ಆರು ಕಾಲಂ ಇರಲಿ: ಕಂಪನಿ, ವ್ಯಕ್ತಿ, ಸಂದೇಶ ಕಳಿಸಿದ ದಿನ, ಉತ್ತರ, ಜಾಬ್ ಐಡಿ, ಮುಂದೇನು. ಪ್ರತಿ ಶನಿವಾರ ನೋಡಿ. ಸಂದೇಶಗಳಿಗೆ ಉತ್ತರವೇ ಬರುತ್ತಿಲ್ಲವಾದರೆ ಸಂದೇಶ ತಿದ್ದಿ. ಉತ್ತರ ಬಂದು ರೆಫರಲ್ ಸಿಕ್ಕರೂ ಕಾಲ್ ಬರದಿದ್ದರೆ ರೆಸ್ಯೂಮೆ ತಿದ್ದಿ. ಕಾಲ್ ಬಂದು ಮೊದಲ ಸುತ್ತಿನಲ್ಲೇ ನಿಲ್ಲುತ್ತಿದ್ದರೆ ಸ್ವಲ್ಪ ದಿನ ಸಂದೇಶ ಕಳಿಸುವುದನ್ನು ಬಿಟ್ಟು ಓದಿಕೊಳ್ಳಿ, ಉಳಿದ ರೆಫರಲ್‌ಗಳನ್ನು ಸುಮ್ಮನೆ ಕಳೆದುಕೊಳ್ಳಬೇಡಿ.

ರೆಫರ್ ಮಾಡಿದವರಿಗೆ ಟೆಸ್ಟ್ ದಿನಾಂಕ, ಫಲಿತಾಂಶ ಎರಡನ್ನೂ ಒಂದು ಸಾಲಿನಲ್ಲಿ ತಿಳಿಸಿ, ಫೇಲ್ ಆದರೂ ಸರಿ. ಒಂದು ಆಫರ್ ಒಪ್ಪಿಕೊಂಡ ಮೇಲೆ ಇನ್ನೊಂದು ಉತ್ತಮವಾದದ್ದು ಬಂದು ಮೊದಲನೆಯದನ್ನು ಬಿಡುವುದಾದರೆ, ಎಚ್‌ಆರ್‌ಗೆ ಇಮೇಲ್ ಹೋಗುವ ಮುಂಚೆ ರೆಫರ್ ಮಾಡಿದವರಿಗೆ ಫೋನ್ ಮಾಡಿ ಹೇಳಿ. ಸೇರುವ ದಿನ ಬೆಳಿಗ್ಗೆ ಫೋನ್ ಆಫ್ ಮಾಡಿಕೊಂಡರೆ ನಿಮ್ಮ ಕಾಲೇಜಿನ ಮುಂದಿನ ಬ್ಯಾಚಿನವರಿಗೆ ಅವರು ಮತ್ತೆ ರೆಫರ್ ಮಾಡುವುದಿಲ್ಲ.